ಕೊಯ್ಲಲ್ಲ, ಹಕ್ಕಲು

ನನ್ನ ತಾತ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದವರು. ಅವರ ಎಡಗೈಯಲ್ಲಿ ಸದಾ ಒಂದು ಎಚ್‌ಎಂಟಿ ಆಟೊಮ್ಯಾಟಿಕ್ ವಾಚು ಇರುತ್ತಿತ್ತು. ಕೀಲಿ ಕೊಡುವ ಗೊಡವೆಯಿಲ್ಲ, ಬ್ಯಾಟರಿಯಂತೂ ಇಲ್ಲವೇ ಇಲ್ಲ. ಕಟ್ಟಿಕೊಂಡು ಓಡಾಡಿದರೆ ಸಾಕು, ನಡೆಯುತ್ತದೆ. ಕೊನೆಯ ಐದಾರು ತಿಂಗಳು ಅವರು ಹಾಸಿಗೆ ಹಿಡಿದಾಗ ಆ ವಾಚು ಪದೇ ಪದೇ ನಿಲ್ಲತೊಡಗಿತು. ಅಜ್ಜಿ ಅದನ್ನು ನನ್ನ ಕೈಗಿಟ್ಟು, "ಕೆಟ್ಟೋಗದೆ ಕಣೋ, ತಿಪಟೂರಲ್ಲಿ ಯಾರಿಗಾದ್ರೂ ತೋರಿಸ್ಕೊಂಡು ಬಾ" ಅಂದರು. ರಿಪೇರಿಯವರು ಹಿಂದಿನ ಮುಚ್ಚಳ ಬಿಚ್ಚಿ, ಕಣ್ಣಿಗೆ ಗಾಜು ಏರಿಸಿ ಸ್ವಲ್ಪ ಹೊತ್ತು ನೋಡಿದರು. ಮತ್ತೆ ಮುಚ್ಚಿ ವಾಪಸ್ ಕೊಟ್ಟರು. "ಏನೂ ಆಗಿಲ್ಲ ಸಾರ್. ಕೈ ಆಡ್ಬೇಕು ಅಷ್ಟೆ." ದುಡ್ಡನ್ನೂ ತೆಗೆದುಕೊಳ್ಳಲಿಲ್ಲ.

ಆಗ ನಾನು ಪಿಎಚ್‌.ಡಿ.ಯ ಎರಡನೇ ವರ್ಷದಲ್ಲಿದ್ದೆ. ಯಂತ್ರಗಳ ಅದುರಾಟದಿಂದ ಚಿಟಿಕೆಯಷ್ಟು ವಿದ್ಯುತ್ ತೆಗೆದು, ಅದರಲ್ಲೇ ಒಂದು ಸೆನ್ಸರ್ ನಡೆಸುವುದು ಹೇಗೆ ಎಂಬುದು ನನ್ನ ವಿಷಯ. ಬಸ್ಸಿನಲ್ಲಿ ಊರಿಗೆ ಮರಳುವಾಗ ಹೊಳೆಯಿತು: ನಾನು ಲ್ಯಾಬಿನಲ್ಲಿ ಹೆಣಗುತ್ತಿದ್ದ ಕೆಲಸವನ್ನೇ ಆ ವಾಚು ತಾತನ ಕೈಮೇಲೆ ವರ್ಷಾನುಗಟ್ಟಲೆ ಮಾಡಿಕೊಂಡು ಬಂದಿತ್ತು. ಈಗ ಅದು ನಿಂತು ಒಂದು ಸುದ್ದಿಯನ್ನೂ ಹೇಳಿತ್ತು. ತಾತನ ಕೈ ಆಡುವುದು ಎಷ್ಟು ಕಡಿಮೆಯಾಗಿದೆ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತನ್ನು ಅದು ಮುಳ್ಳು ನಿಲ್ಲಿಸಿ ಹೇಳಿತ್ತು. ಶಕ್ತಿ ಬರುವ ದಾರಿಯೇ ಸುದ್ದಿ ಬರುವ ದಾರಿಯೂ ಆಗುವುದನ್ನು ನಮ್ಮ ಕ್ಷೇತ್ರದವರು 'ಸ್ವಯಂಚಾಲಿತ ಸೆನ್ಸರ್' ಎಂದು ಹೊಸ ವಿಷಯದಂತೆ ಬರೆಯುತ್ತಾರೆ. ಅದು ಅಷ್ಟು ಹೊಸದೇ ಎಂದು ತಿಳಿಯುವುದಕ್ಕೆ ನಾನು ಹಳೆಯ ಕಥೆಗಳನ್ನು ಹುಡುಕಲು ಶುರುಮಾಡಿದೆ.

ಮೊದಲು ಹೆಸರಿನ ಮಾತು. ಇಂಗ್ಲಿಷಿನಲ್ಲಿ ಈ ವಿದ್ಯೆಗೆ 'ಎನರ್ಜಿ ಹಾರ್ವೆಸ್ಟಿಂಗ್' ಎನ್ನುತ್ತಾರೆ. ಕನ್ನಡಕ್ಕೆ ತಂದರೆ 'ಶಕ್ತಿಯ ಕೊಯ್ಲು'. ನನಗೆ ಈ ಮಾತು ಒಗ್ಗುವುದಿಲ್ಲ. ಕೊಯ್ಲು ಎಂದರೆ ಉತ್ತು ಬಿತ್ತಿದವನ ಫಸಲು, ಕಣ ತುಂಬುವ ರಾಶಿ. ನಮ್ಮ ಕಡೆ ರಾಗಿ ಕೊಯ್ದು ಹೊರೆ ಸಾಗಿಸಿದ ಮೇಲೆ ಹೊಲದಲ್ಲಿ ಉದುರಿದ ತೆನೆಗಳನ್ನು ಆಯುವುದಕ್ಕೆ ಬೇರೆಯದೇ ಮಾತಿದೆ: ಹಕ್ಕಲು. ಹಕ್ಕಲು ಆಯುವವರು ಹೊಲದವರಲ್ಲ, ಸಿಕ್ಕುವುದು ಮಡಿಲಿನಷ್ಟು, ಅದರಲ್ಲೇ ಒಂದು ಹೊತ್ತಿನ ಹಿಟ್ಟಾಗಬೇಕು. ಕೈಯ ಆಟದಿಂದ, ಪಂಪಿನ ಅದುರಾಟದಿಂದ, ಬಿಸಿ ಕೊಳವೆಯಿಂದ, ಕೋಣೆಯ ಬೆಳಕಿನಿಂದ ನಾವು ತೆಗೆಯುವುದು ಈ ಹಕ್ಕಲನ್ನು. ಅದರ ಅಳತೆ ಮೈಕ್ರೋವಾಟ್, ಅಂದರೆ ವಾಟ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು. ಮನೆಯ 9 ವಾಟ್‌ನ ಎಲ್‌ಇಡಿ ಬಲ್ಬಿಗೆ ಇಂಥ 90 ಲಕ್ಷ ಪಾಲು ಬೇಕು. ನನ್ನ ಮೇಜಿನ ಮೇಲಿನ ಸಾಧನ ತನ್ನ ಒಳ್ಳೆಯ ದಿನಗಳಲ್ಲಿ ಕೆಲವು ಹತ್ತು ಪಾಲು ಕೊಡುತ್ತದೆ.

ಇಷ್ಟು ಕಡಿಮೆ ಶಕ್ತಿಯಿಂದ ಏನಾದೀತು ಎಂಬ ಪ್ರಶ್ನೆಗೆ ಎರಡೂವರೆ ಶತಮಾನಗಳಲ್ಲಿ ಸಿಕ್ಕ ಉತ್ತರಗಳೇ ಈ ವಿದ್ಯೆಯ ಚರಿತ್ರೆ.

*

1770ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಲ ಲಾಕ್ಲ್ ಎಂಬ ಊರಿನಲ್ಲಿ ಅಬ್ರಹಾಂ ಲೂಯಿ ಪೆರ್ಲೆ ಎಂಬ ಗಡಿಯಾರದ ಕಸುಬುದಾರ ತಾನಾಗಿ ಕೀಲಿ ಸುತ್ತಿಕೊಳ್ಳುವ ಜೇಬುಗಡಿಯಾರ ಮಾಡಿದ. ಒಳಗೊಂದು ತೂಕದ ಲೋಹದ ತುಂಡು. ಹೊತ್ತವನು ನಡೆದಾಗ ಅದು ತೂಗಾಡಿ ಸ್ಪ್ರಿಂಗನ್ನು ಬಿಗಿಮಾಡುತ್ತದೆ. ಮೊದಲು ಮಾಡಿದವನು ಅವನೋ, ಬೆಲ್ಜಿಯಂ ಕಡೆಯ ಹ್ಯೂಬರ್ಟ್ ಸಾರ್ಟನ್ನೋ ಎಂಬ ಬಗ್ಗೆ ಗಡಿಯಾರದ ಚರಿತ್ರಕಾರರಲ್ಲಿ ಇಂದಿಗೂ ತಕರಾರಿದೆ. ಯಾರು ಮಾಡಿದ್ದರೂ ಅದು ಹೆಚ್ಚು ಹರಡಲಿಲ್ಲ. ಜೇಬಿನಲ್ಲಿ ಗಡಿಯಾರ ನೆಟ್ಟಗೆ ನಿಂತೇ ಇರುತ್ತದೆ, ಅಲ್ಲಿ ಆಟ ಕಡಿಮೆ. 1920ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಹಾರ್ವುಡ್ ಇದೇ ಉಪಾಯವನ್ನು ಕೈಗಡಿಯಾರಕ್ಕೆ ತಂದಾಗ ಅದು ಬದುಕಿತು, ಏಕೆಂದರೆ ಮಣಿಕಟ್ಟು ದಿನವಿಡೀ ಆಡುತ್ತಲೇ ಇರುತ್ತದೆ. ತೆನೆ ಉದುರುವ ಜಾಗವನ್ನು ಮೊದಲು ಗುರುತಿಸಬೇಕು ಎಂಬ ಈ ಪಾಠವನ್ನು ನಮ್ಮ ಕ್ಷೇತ್ರದ ಪ್ರತಿಯೊಬ್ಬ ವಿದ್ಯಾರ್ಥಿಯೂ ಕೈಸುಟ್ಟುಕೊಂಡೇ ಕಲಿಯುತ್ತಾನೆ.

ಯಂತ್ರದ ಚಲನೆಯಿಂದ ವಿದ್ಯುತ್ತಿಗೆ ಬರುವ ದಾರಿ ಬೇರೆ ಕಡೆಯಿಂದ ಬಂತು. 1821ರಲ್ಲಿ ಬರ್ಲಿನ್ನಿನಲ್ಲಿ ಥಾಮಸ್ ಸೀಬೆಕ್ ಎರಡು ಬೇರೆ ಬೇರೆ ಲೋಹಗಳನ್ನು ಸುತ್ತಾಗಿ ಜೋಡಿಸಿ, ಒಂದು ಬೆಸುಗೆಯನ್ನು ಮಾತ್ರ ಬಿಸಿ ಮಾಡಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡ. ಶಾಖ ಕಾಂತತ್ವವನ್ನು ಹುಟ್ಟಿಸುತ್ತಿದೆ ಎಂದುಕೊಂಡ. ಹರಿಯುತ್ತಿದ್ದುದು ವಿದ್ಯುತ್ತು. ಮುಂದೆ 1880ರಲ್ಲಿ ಪ್ಯಾರಿಸ್ಸಿನಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು ಕೆಲವು ಸ್ಫಟಿಕಗಳನ್ನು ಅದುಮಿದರೆ ಅವುಗಳ ಮೈಮೇಲೆ ವಿದ್ಯುತ್ ಮೂಡುತ್ತದೆ ಎಂದು ತೋರಿಸಿಕೊಟ್ಟರು. ಪಿಯರ್‌ಗೆ ಆಗ 21 ವರ್ಷ. ಅವರು ಪರೀಕ್ಷಿಸಿದ ವಸ್ತುಗಳ ಪಟ್ಟಿ ಯಾವುದೋ ಅಂಗಡಿಯ ಚೀಟಿಯಂತಿದೆ: ಬೆಣಚುಕಲ್ಲಿನ ಸ್ಫಟಿಕವಾದ ಕ್ವಾರ್ಟ್ಸ್, ಟೂರ್ಮಲಿನ್, ಪುಷ್ಯರಾಗ, ರೋಶೆಲ್ ಉಪ್ಪು, ಕಬ್ಬಿನ ಸಕ್ಕರೆ. ನಾವು ದಿನಾ ಕಾಫಿಗೆ ಹಾಕುವ ಸಕ್ಕರೆಯ ಹರಳೂ ಒತ್ತಿದರೆ ವಿದ್ಯುತ್ ಕೊಡುತ್ತದೆ.

ಈ ಗುಣಕ್ಕೆ ಪೀಜೊ ವಿದ್ಯುತ್ ಎಂದು ಹೆಸರಾಯಿತು. 'ಪೀಜೊ' ಎಂಬುದು ಗ್ರೀಕಿನಲ್ಲಿ ಅದುಮುವುದಕ್ಕೆ ಇರುವ ಮಾತಿನಿಂದ ಬಂದದ್ದು. ಇದರ ಮೊದಲ ದೊಡ್ಡ ಉಪಯೋಗ ಅಳತೆಯಲ್ಲಿ ಆಯಿತು. 1898ರ ಸುಮಾರಿಗೆ ಮೇರಿ ಕ್ಯೂರಿ ಯುರೇನಿಯಂನ ಕಿರಣಗಳು ಗಾಳಿಯಲ್ಲಿ ಹರಿಸುವ ಅತಿ ಕ್ಷೀಣ ವಿದ್ಯುತ್ತನ್ನು ಅಳೆದದ್ದು ಗಂಡ ಮತ್ತು ಭಾವ ಸೇರಿ ಮಾಡಿದ್ದ ಕ್ವಾರ್ಟ್ಸ್ ಉಪಕರಣದಿಂದ. ತೂಕದ ಬಟ್ಟುಗಳನ್ನು ನೇತುಹಾಕಿ ಸ್ಫಟಿಕವನ್ನು ಎಳೆದು, ಅದು ಕೊಡುವ ವಿದ್ಯುತ್ತಿಗೂ ಕಿರಣದ ವಿದ್ಯುತ್ತಿಗೂ ತಕ್ಕಡಿ ಸಮ ಮಾಡುತ್ತಿದ್ದರು. ರೇಡಿಯಂ ಸಿಕ್ಕಿದ್ದು ಆ ತಕ್ಕಡಿಯ ಬೆನ್ನು ಹಿಡಿದು. ಮೊದಲ ಮಹಾಯುದ್ಧದ ಕಾಲಕ್ಕೆ ಪಿಯರ್ ಕ್ಯೂರಿಯ ಶಿಷ್ಯ ಪಾಲ್ ಲಾಂಜೆವೆನ್ ಇದೇ ಕ್ವಾರ್ಟ್ಸಿನಿಂದ ನೀರೊಳಗಿನ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸಾಧನ ಕಟ್ಟಿದ.

ಈ ವಿದ್ಯೆ ಇಂದು ನಮ್ಮೆಲ್ಲರ ಅಡುಗೆಮನೆಯಲ್ಲಿದೆ. ಗ್ಯಾಸ್ ಲೈಟರಿನ ಗುಂಡಿ ಒತ್ತಿದಾಗ 'ಟಿಕ್' ಎನ್ನುವುದು ಒಳಗಿನ ಸ್ಪ್ರಿಂಗ್ ಸುತ್ತಿಗೆಯೊಂದು ಪೀಜೊ ಹರಳಿನ ಮೇಲೆ ಹೊಡೆಯುವ ಸದ್ದು. ಆ ಗಳಿಗೆಯಲ್ಲಿ ಹುಟ್ಟುವ ವೋಲ್ಟ್ ಸಾವಿರಗಟ್ಟಲೆ, ಶಕ್ತಿ ಮಾತ್ರ ಕಿಡಿ ಹಾರಿಸುವಷ್ಟು. ಬ್ಯಾಟರಿಯಿಲ್ಲದೆ ವರ್ಷಗಟ್ಟಲೆ ಬಾಳುವ ಈ ಲೈಟರನ್ನು ಅಜ್ಜಿಗೆ ತೋರಿಸಿ, "ನಾನು ಓದ್ತಿರೋದು ಇದನ್ನೇ" ಅಂದಾಗ ಅವರು ನಂಬಲಿಲ್ಲ. "ಇದಕ್ಕೆ ಐದು ವರ್ಷ ಯಾಕೋ ಬೇಕು?" ಅಂದರು.

*

ಬೆಂಕಿ ಹಚ್ಚಲು ಒಂದು ಕಿಡಿ ಸಾಕು. ಸದ್ದು ಕೇಳಿಸಬೇಕಾದರೆ ಶಕ್ತಿ ನಿರಂತರವಾಗಿ ಸಿಗಬೇಕು. ಅದನ್ನು ಸಾಧಿಸಿದ್ದು ಹರಳಿನ ರೇಡಿಯೊ. 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ರೇಡಿಯೊ ಅಲೆಗಳನ್ನು ಗುರುತಿಸುವ ಸಾಧನಗಳ ಮೇಲೆ ಕೆಲಸ ಮಾಡಿದರು. ಸೀಸದ ಅದಿರಾದ ಗ್ಯಾಲೀನದ ಹರಳಿನಿಂದ ಮಾಡಿದ ಅವರ ಸಾಧನಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಅರೆವಾಹಕದ ಸಾಧನಕ್ಕೆ ಸಿಕ್ಕ ಮೊದಮೊದಲ ಪೇಟೆಂಟುಗಳಲ್ಲಿ ಅದೂ ಒಂದು. 1920ರ ದಶಕದಲ್ಲಿ ಇಂಥ ಹರಳಿನ ಮೇಲೆ ತಂತಿಯ ಮೊನೆ ಊರಿ, ಉದ್ದನೆಯ ತಂತಿಯನ್ನು ಮಾಡಿನ ಮೇಲೆ ಎಳೆದು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಲಕ್ಷಾಂತರ ಜನ ರೇಡಿಯೊ ಕೇಳಿದರು. ಅದಕ್ಕೆ ಬ್ಯಾಟರಿ ಇರಲಿಲ್ಲ. ಕಿವಿಯ ಪರದೆಯನ್ನು ಅಲುಗಾಡಿಸಿದ ಶಕ್ತಿ ದೂರದ ಪ್ರಸಾರ ಕೇಂದ್ರದಿಂದ ಗಾಳಿಯಲ್ಲಿ ಬಂದದ್ದೇ. ಸೋವಿಯತ್ ದೇಶದಲ್ಲಿ 1950ರ ದಶಕದಲ್ಲಿ ಕರೆಂಟಿಲ್ಲದ ಹಳ್ಳಿಗಳಿಗೆಂದು ಸೀಮೆಎಣ್ಣೆ ದೀಪದ ಗಾಜಿನ ಮೇಲೆ ಕೂರುವ ಸಾಧನ ಬಂತು. ಬೆಳಕು ಮನೆಗೆ, ಮೇಲೆ ಹೋಗುವ ಬಿಸಿ ರೇಡಿಯೊಗೆ. ಸೀಬೆಕ್ ಕಂಡ ಗುಣವೇ ಅಲ್ಲಿ ಊರಿನ ಸುದ್ದಿ ಕೇಳಿಸುತ್ತಿತ್ತು.

ಅಂದಮೇಲೆ ಈ ವಿದ್ಯೆ ಮರೆತುಹೋದದ್ದೇಕೆ? ಹೊಟ್ಟೆ ದೊಡ್ಡದಾದದ್ದರಿಂದ. ರೇಡಿಯೊಗೆ ಗಟ್ಟಿ ದನಿ ಬೇಕಾಯಿತು, ಅದಕ್ಕೆ ವಾಲ್ವುಗಳು ಬಂದವು, ವಾಲ್ವುಗಳಿಗೆ ಗೋಡೆಯ ಕರೆಂಟು ಬೇಕಾಯಿತು. 1946ರಲ್ಲಿ ಅಮೆರಿಕದಲ್ಲಿ ಅನಾವರಣಗೊಂಡ ಎನಿಯಾಕ್ ಎಂಬ ಕಂಪ್ಯೂಟರಿನಲ್ಲಿ ಸುಮಾರು 18,000 ವಾಲ್ವುಗಳಿದ್ದವು, ಅದು ಸುಮಾರು 150 ಕಿಲೋವಾಟ್ ಎಳೆಯುತ್ತಿತ್ತು. ನೂರಕ್ಕೂ ಹೆಚ್ಚು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಉರಿಸಿದಷ್ಟು. ಅಂಥ ಯಂತ್ರದ ಮುಂದೆ ಹಕ್ಕಲಿನ ಮಾತಾಡುವುದೇ ನಗೆಪಾಟಲು.

ಮೆರವಣಿಗೆಯ ದಿಕ್ಕು ತಿರುಗಿದ್ದು 1947ರ ಕೊನೆಯಲ್ಲಿ, ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದಾಗ. ಅದೇ ಪ್ರಯೋಗಾಲಯದಲ್ಲಿ 1954ರಲ್ಲಿ ಎರಡು ಸಂಗತಿಗಳು ನಡೆದವು. ಒಂದು, ಸಿಲಿಕಾನಿನ ಸೌರಕೋಶ. ಬಿದ್ದ ಬಿಸಿಲಿನ ಸುಮಾರು ನೂರಕ್ಕೆ ಆರು ಪಾಲನ್ನು ಅದು ವಿದ್ಯುತ್ ಮಾಡುತ್ತಿತ್ತು. ಇನ್ನೊಂದು, ಚಾರ್ಲ್ಸ್ ಸ್ಮಿತ್ ಪ್ರಕಟಿಸಿದ ಶೋಧ: ಸಿಲಿಕಾನನ್ನು ಎಳೆದರೆ ಅಥವಾ ಒತ್ತಿದರೆ ಅದರ ವಿದ್ಯುತ್ ರೋಧ ಲೋಹಗಳಿಗಿಂತ ಬಹಳ ಹೆಚ್ಚು ಬದಲಾಗುತ್ತದೆ. ಲೆಕ್ಕ ಮಾಡುವ ವಸ್ತುವೇ ಮುಟ್ಟಿದ್ದನ್ನು ಅರಿಯಲೂ ಬಲ್ಲದು, ಬೆಳಕನ್ನು ಉಣ್ಣಲೂ ಬಲ್ಲದು ಎಂದು ಒಂದೇ ವರ್ಷದಲ್ಲಿ ತಿಳಿಯಿತು. ನಾಲ್ಕು ವರ್ಷಗಳ ನಂತರ, 1958ರ ಮಾರ್ಚಿನಲ್ಲಿ, ಅಮೆರಿಕ ಒಂದೂವರೆ ಕಿಲೋ ತೂಕದ ವ್ಯಾನ್‌ಗಾರ್ಡ್ ಉಪಗ್ರಹವನ್ನು ಹಾರಿಸಿತು. ಅದರಲ್ಲಿ ಎರಡು ಟ್ರಾನ್ಸ್‌ಮಿಟರ್‌ಗಳಿದ್ದವು. ಬ್ಯಾಟರಿಯದು ಅದೇ ಜೂನ್‌ಗೆ ಸುಮ್ಮನಾಯಿತು. ಸೌರಕೋಶದ್ದು 1964ರವರೆಗೆ ಮಾತಾಡಿತು. ತಂದಿಟ್ಟ ಬುತ್ತಿಗೂ ದಿನದಿನ ಆಯ್ದು ಉಣ್ಣುವುದಕ್ಕೂ ಇರುವ ವ್ಯತ್ಯಾಸಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ನೆಲದ ಮೇಲೆ ಮಾತ್ರ ಬುತ್ತಿಯೇ ಗೆದ್ದಿತು. ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಎಚ್‌ಎಂಟಿಯ ವಾಚು ಕಾರ್ಖಾನೆ ಶುರುವಾಯಿತು. ಅದು ಬೆಳೆಯುತ್ತಿದ್ದ ಕಾಲದಲ್ಲೇ, 1969ರ ಡಿಸೆಂಬರಿನಲ್ಲಿ, ಸೀಕೊ ಜಗತ್ತಿನ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಕ್ಯೂರಿ ಸಹೋದರರ ಅದೇ ಕ್ವಾರ್ಟ್ಸ್, ಆದರೆ ಇಲ್ಲಿ ಅದು ವಿದ್ಯುತ್ ಕೊಡುವುದಿಲ್ಲ, ಬ್ಯಾಟರಿಯ ವಿದ್ಯುತ್ ಪಡೆದು ತಾಳ ತಪ್ಪದೆ ಅದುರುತ್ತದೆ. ಕೈಯ ಆಟದಿಂದ ನಡೆಯುವ ವಾಚಿಗಿಂತ ಅದು ನಿಖರ, ಅಗ್ಗ. 1980ರ ದಶಕದಲ್ಲಿ ನಮ್ಮಲ್ಲೂ ಕ್ವಾರ್ಟ್ಸ್ ಅಲೆ ಎದ್ದಿತು, ತಾತನಂಥವರ ವಾಚು ಹಳೆಯ ಕಾಲದ್ದಾಯಿತು. ಎಂದಿಗೂ ಬ್ಯಾಟರಿ ಕೇಳದ ವಸ್ತುವನ್ನು ಬಿಟ್ಟು, ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಗುಂಡಿ ಬ್ಯಾಟರಿ ಬಿಸಾಡುವ ವಸ್ತುವನ್ನು ನಾವೇ ಖುಷಿಯಿಂದ ಕಟ್ಟಿಕೊಂಡೆವು.

*

1959ರ ಡಿಸೆಂಬರ್ 29ರಂದು ಕ್ಯಾಲ್‌ಟೆಕ್‌ನಲ್ಲಿ ರಿಚರ್ಡ್ ಫೈನ್‌ಮನ್ ಒಂದು ಭಾಷಣ ಮಾಡಿದರು. ಅತಿ ಸಣ್ಣದರಲ್ಲಿ ಇನ್ನೂ ಎಷ್ಟೋ ಜಾಗ ಖಾಲಿಯಿದೆ ಎಂಬುದು ಅವರ ವಾದ. ಇಂಚಿನ 64ನೇ ಒಂದು ಪಾಲಿನಷ್ಟು ಮೋಟಾರ್ ಮಾಡಿದವರಿಗೆ ಸಾವಿರ ಡಾಲರ್ ಬಹುಮಾನ ಎಂದೂ ಘೋಷಿಸಿದರು. ಹೊಸ ತಂತ್ರಜ್ಞಾನವೊಂದು ಹುಟ್ಟಲಿ ಎಂಬುದು ಅವರ ಆಸೆ. ಮರುವರ್ಷವೇ ವಿಲಿಯಂ ಮೆಕ್‌ಲೆಲನ್ ಎಂಬ ಎಂಜಿನಿಯರ್ ಇದ್ದ ಸಲಕರಣೆಗಳಿಂದಲೇ, ಕೈಯಿಂದಲೇ ಅದನ್ನು ಮಾಡಿ ಬಹುಮಾನ ತೆಗೆದುಕೊಂಡರು. ಹೊಸ ದಾರಿ ತೆರೆದದ್ದು ಚಿಪ್ ಮಾಡುವ ಕಾರ್ಖಾನೆಗಳಿಂದ. 1982ರಲ್ಲಿ ಕರ್ಟ್ ಪೀಟರ್ಸನ್ ಬರೆದ ದೀರ್ಘ ಲೇಖನ ಸಿಲಿಕಾನ್ ಒಳ್ಳೆಯ ಯಾಂತ್ರಿಕ ವಸ್ತುವೂ ಹೌದು ಎಂದು ತೋರಿಸಿತು. ಬೆಳಕಿನಿಂದ ನಕ್ಷೆ ಬಿಡಿಸಿ, ರಾಸಾಯನಿಕದಿಂದ ಕೊರೆದು, ಕೂದಲಿಗಿಂತ ತೆಳುವಾದ ತೊಲೆ, ಪರದೆ, ಉಯ್ಯಾಲೆಗಳನ್ನು ಸಾವಿರಗಟ್ಟಲೆ ಒಟ್ಟಿಗೆ ಮಾಡಬಹುದಿತ್ತು. 1990ರ ದಶಕದಲ್ಲಿ ಕಾರಿನ ಏರ್‌ಬ್ಯಾಗಿಗೆ ಡಿಕ್ಕಿಯ ಸುದ್ದಿ ಮುಟ್ಟಿಸುವ ಕೆಲಸ ಅವಕ್ಕೆ ಸಿಕ್ಕಿತು. ಫೋನನ್ನು ಅಡ್ಡ ಹಿಡಿದಾಗ ಪರದೆ ತಿರುಗುವುದೂ ಅವುಗಳಿಂದಲೇ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಈ ಇನ್ನೂರು ವರ್ಷಗಳಲ್ಲಿ ಬಿಸಿಲು ಹೆಚ್ಚಾಗಲಿಲ್ಲ. ಮನುಷ್ಯನ ಕೈ ಪೆರ್ಲೆಯ ಕಾಲದಲ್ಲಿ ಆಡುತ್ತಿದ್ದಷ್ಟೇ ಆಡುತ್ತದೆ. ಆಯುವ ಸಾಧನಗಳು ಉತ್ತಮವಾದವು ನಿಜ, ಆದರೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಬದಲಾದದ್ದು ಉಣ್ಣುವವರ ಹಸಿವು. ಎನಿಯಾಕ್‌ಗಿಂತ ಹೆಚ್ಚು ಲೆಕ್ಕ ಮಾಡಬಲ್ಲ ಚಿಪ್ ಇಂದು ನಿದ್ದೆಯಲ್ಲಿ ಒಂದು ಮೈಕ್ರೋವಾಟ್‌ಗಿಂತ ಕಡಿಮೆಯಲ್ಲಿ ಉಸಿರಾಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಯಂತ್ರ ಕಲಿತ ಮೇಲೆಯೇ ಹಕ್ಕಲಿಗೆ ಬೆಲೆ ಬಂತು. ಶಕ್ತಿಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಅಣೆಕಟ್ಟು, ಕಲ್ಲಿದ್ದಲು, ರಿಯಾಕ್ಟರುಗಳ ಕಥೆಯಾಗಿ, ಹೆಚ್ಚು ಹೆಚ್ಚು ಉತ್ಪಾದಿಸಿದ ಕಥೆಯಾಗಿ ಓದುತ್ತೇವೆ. ಕಡಿಮೆಯಲ್ಲಿ ಬದುಕಲು ಕಲಿತ ಈ ಇನ್ನೊಂದು ಕಥೆ ಪಠ್ಯಪುಸ್ತಕಗಳಲ್ಲಿ ಕಾಣುವುದಿಲ್ಲ.

1996ರಲ್ಲಿ ಇಂಗ್ಲೆಂಡಿನ ವಿಲಿಯಮ್ಸ್ ಮತ್ತು ಯೇಟ್ಸ್ ಅದುರಾಟದಿಂದ ವಿದ್ಯುತ್ ತೆಗೆಯುವ ಸೂಕ್ಷ್ಮ ಸಾಧನದ ಲೆಕ್ಕವನ್ನು ಬರೆದರು. ನಮ್ಮ ಕ್ಷೇತ್ರದವರು ಇಂದಿಗೂ ಅಲ್ಲಿಂದಲೇ ಶುರುಮಾಡುತ್ತಾರೆ. ಅದೇ ದಶಕದ ಕೊನೆಯಲ್ಲಿ ಬರ್ಕ್ಲಿಯ ಕ್ರಿಸ್ ಪಿಸ್ಟರ್ 'ಸ್ಮಾರ್ಟ್ ಡಸ್ಟ್' ಎಂಬ ಕನಸು ಮುಂದಿಟ್ಟರು: ಒಂದು ಘನ ಮಿಲಿಮೀಟರಿನಲ್ಲಿ ಸೆನ್ಸರ್, ಲೆಕ್ಕ, ಮಾತು, ಶಕ್ತಿ ಎಲ್ಲವೂ. 2006ರಲ್ಲಿ ಜಾರ್ಜಿಯಾ ಟೆಕ್‌ನಲ್ಲಿ ಝೊಂಗ್ ಲಿನ್ ವಾಂಗ್ ಮತ್ತು ಸಂಗಡಿಗರು ಸತುವಿನ ಆಕ್ಸೈಡಿನ ನ್ಯಾನೊ ಎಳೆಗಳನ್ನು ಬಗ್ಗಿಸಿ ವಿದ್ಯುತ್ ಪಡೆದರು. 2012ರಲ್ಲಿ ಅದೇ ಗುಂಪು ಎರಡು ವಸ್ತುಗಳನ್ನು ಮುಟ್ಟಿಸಿ ಬಿಡಿಸುವುದರಿಂದ, ಅಂದರೆ ಬಾಚಣಿಗೆ ಉಜ್ಜಿ ಕಾಗದದ ಚೂರು ಎತ್ತುವ ಮಕ್ಕಳಾಟದ ಗುಣದಿಂದ, ವಿದ್ಯುತ್ ತೆಗೆಯುವ ಸಾಧನ ತಂದಿತು. 2018ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಒಂದು ಮಗ್ಗುಲಿಗೆ 0.3 ಮಿಲಿಮೀಟರ್ ಇರುವ, ಬೆಳಕಿನಿಂದ ನಡೆಯುವ ಗಣಕ ತೋರಿಸಿದರು. ಬೆಳಕು ಹೋದರೆ ಅದು ತನಗೆ ಹೇಳಿಕೊಟ್ಟದ್ದನ್ನೆಲ್ಲ ಮರೆತುಬಿಡುತ್ತದೆ. ಅದನ್ನು ಕಂಪ್ಯೂಟರ್ ಎನ್ನಬಹುದೇ ಎಂದು ಅವರೇ ಪ್ರಶ್ನೆ ಎತ್ತಿದರು.

ಮರೆವಿನ ಸಮಸ್ಯೆ ನನ್ನ ಮೇಜಿನ ಮೇಲೂ ಇದೆ. ಅದುರಾಟದ ವೇಗ ಕೊಂಚ ಬದಲಾದರೂ ನನ್ನ ಸಾಧನದ ಉತ್ಪತ್ತಿ ಕುಸಿಯುತ್ತದೆ. ಹಾಗಾಗಿ ನಾವು ಮಾಡುವುದು ಹನಿ ಹನಿ ಕೂಡಿಸುವ ಕೆಲಸ. ಕೆಪಾಸಿಟರೊಂದರಲ್ಲಿ ಶಕ್ತಿ ತುಂಬುವವರೆಗೆ ಚಿಪ್ ಮಲಗಿರುತ್ತದೆ. ತುಂಬಿದೊಡನೆ ಎದ್ದು, ಒಂದು ಅಳತೆ ತೆಗೆದು, ಒಂದು ಮಾತು ರೇಡಿಯೊದಲ್ಲಿ ಕಳಿಸಿ, ಕತ್ತಲಾಗುವ ಮೊದಲು ಎಲ್ಲಿಯವರೆಗೆ ಬಂದೆ ಎಂದು ಬರೆದಿಟ್ಟು ಮತ್ತೆ ಮಲಗುತ್ತದೆ.

*

ಈ ಚರಿತ್ರೆಯಲ್ಲಿ ನನ್ನನ್ನು ಕಾಡುವ ಒಂದು ಪುಟವೂ ಇದೆ. 1945ರ ಆಗಸ್ಟಿನಲ್ಲಿ ಸೋವಿಯತ್ ಶಾಲಾಮಕ್ಕಳು ಮಾಸ್ಕೋದ ಅಮೆರಿಕನ್ ರಾಯಭಾರಿ ಆವ್ರೆಲ್ ಹ್ಯಾರಿಮನ್‌ಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆಯನ್ನು ಕಾಣಿಕೆ ಕೊಟ್ಟರು. ಅದು ರಾಯಭಾರಿಯ ನಿವಾಸದ ಗೋಡೆಯ ಮೇಲೆ ಏಳು ವರ್ಷ ತೂಗಿತು. 1952ರಲ್ಲಿ ಅದರೊಳಗೊಂದು ಕದ್ದು ಕೇಳುವ ಸಾಧನ ಸಿಕ್ಕಿತು. ಮಾಡಿದವರು ಲಿಯೊನ್ ಥೆರಮಿನ್, ಕೈ ಮುಟ್ಟದೆ ನುಡಿಸುವ ವಾದ್ಯವನ್ನು ಜಗತ್ತಿಗೆ ಕೊಟ್ಟವರೇ. ಅದರಲ್ಲಿ ಬ್ಯಾಟರಿಯಿಲ್ಲ, ಕರೆಂಟಿನ ತಂತಿಯಿಲ್ಲ. ಹೊರಗಿನಿಂದ ರೇಡಿಯೊ ಅಲೆ ಬೀರಿದಾಗ ಮಾತ್ರ ಅದು ಜೀವ ತಳೆದು ಕೋಣೆಯ ಮಾತನ್ನು ಮರಳಿ ಕಳಿಸುತ್ತಿತ್ತು. ಹರಳಿನ ರೇಡಿಯೊದ ಹಾಗೆ ಇದೂ ಬೇರೆಯವರ ಅಲೆಯಿಂದ ನಡೆಯುತ್ತಿತ್ತು. ಅಲ್ಲಿ ಮನೆಯವರು ಊರಿನ ಮಾತು ಕೇಳುತ್ತಿದ್ದರು, ಇಲ್ಲಿ ಊರು ಮನೆಯ ಮಾತನ್ನು ಕೇಳಿತು.

ಬ್ಯಾಟರಿಗೆ ಒಂದು ಒಳ್ಳೆಯ ಗುಣವಿದೆ, ಅದು ಮುಗಿಯುತ್ತದೆ. ಮುಗಿಯದ ಸೆನ್ಸರನ್ನು ಮಾಡಲು ಹೊರಟ ನಾವು, ಅದು ಯಾವಾಗ ಸುಮ್ಮನಾಗಬೇಕು ಎಂಬುದನ್ನೂ ಸಾಧನದೊಳಗೇ ಕಟ್ಟಬೇಕಾಗುತ್ತದೆ. ಇನ್ನೊಂದು ಮೋಸವೂ ಇದೆ. ರಸ್ತೆಯ ಕೆಳಗೆ ಪೀಜೊ ಹಾಸಿ ವಾಹನಗಳಿಂದ ಪುಕ್ಕಟೆ ವಿದ್ಯುತ್ ಎಂಬ ಸುದ್ದಿ ಆಗಾಗ ಬರುತ್ತದೆ. ಚಕ್ರದ ಕೆಳಗೆ ನೆಲ ಕುಸಿಯುವಂತೆ ಮಾಡಿದರೆ ಆ ಶಕ್ತಿ ಬರುವುದು ಗಾಡಿಯ ಪೆಟ್ರೋಲಿನಿಂದ. ಅದು ಹಕ್ಕಲಲ್ಲ, ಪಕ್ಕದ ಹೊಲದ ಪೈರಿಗೆ ಕೈಹಾಕಿದ ಹಾಗೆ. ಉದುರಿದ್ದು ಯಾವುದು, ಯಾರದು ಎಂದು ಕೇಳುವ ಹಳ್ಳಿಯ ಕಟ್ಟಳೆ ನಮ್ಮ ಲ್ಯಾಬಿಗೂ ಬೇಕು ಎಂದು ನನಗನ್ನಿಸುತ್ತದೆ.

ಕೊನೆಗೆ ಒಂದು ಪ್ರಯೋಗದ ಕಥೆ. ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಕೆಲವು ವರ್ಷಗಳಿಗೊಮ್ಮೆ ಬ್ಯಾಟರಿಗಾಗಿ ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ. 2014ರಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಆಡ್ರಿಯನ್ ತ್ಸುರ್ಬುಖೆನ್ ಒಂದು ಸಾಧನವನ್ನು ವಿವರಿಸಿದರು. ಅಂಗಡಿಯಲ್ಲಿ ಸಿಗುವ ಆಟೊಮ್ಯಾಟಿಕ್ ಕೈಗಡಿಯಾರದ ಯಂತ್ರವನ್ನು ತೆಗೆದು, ಬೇಡದ ಭಾಗಗಳನ್ನು ಕಳಚಿ, ಹಂದಿಯೊಂದರ ಹೃದಯಕ್ಕೆ ಹೊಲಿದಿದ್ದರು. ಹೃದಯದ ಬಡಿತ ಸ್ಪ್ರಿಂಗ್ ಸುತ್ತಿತು, ಸ್ಪ್ರಿಂಗ್ ಸುಮಾರು 50 ಮೈಕ್ರೋವಾಟ್ ವಿದ್ಯುತ್ ಕೊಟ್ಟಿತು. ಪೇಸ್‌ಮೇಕರಿಗೆ ಬೇಕಾಗುವುದು ಸುಮಾರು 10. ಮನುಷ್ಯರಿಗೆ ಅದು ಬರಲು ಇನ್ನೂ ಬಹಳ ದೂರವಿದೆ. ಆದರೂ ಪೆರ್ಲೆಯ ಲೋಹದ ತುಂಡು ಜೇಬಿನಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಎದೆಗೆ ಬಂದಿದೆ.

ತಾತನ ವಾಚು ಈಗ ನನ್ನ ಬಳಿಯಿದೆ. ವಾರದ ದಿನಗಳಲ್ಲಿ ಕಟ್ಟಿಕೊಳ್ಳುತ್ತೇನೆ. ಪ್ರಬಂಧ ಬರೆಯುತ್ತಾ ಎರಡು ದಿನ ಕುರ್ಚಿ ಬಿಟ್ಟು ಏಳದಿದ್ದರೆ ಅದು ನಿಲ್ಲುತ್ತದೆ. ಆಗ ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಒಂದು ಸುತ್ತು ನಡೆದು ಬರುತ್ತೇನೆ.